ಬಾಟಲಿಯೊಳಗಿನ ರಾಣಿಮೀನು

ನಮ್ಮ ಕಚೇರಿಯ ಬೀರುವಿನಲ್ಲಿ ಫೈಲುಗಳ ಜೊತೆ ಎರಡು ನೂಲಿನ ಸೀರೆಗಳೂ ಇರುತ್ತಿದ್ದವು. ಎರಡೂ ಮೇಡಂ ಅವರವು. ಬೆಳಿಗ್ಗೆ ಬಸವನಗುಡಿಯ ಮನೆಯಿಂದ ಉಟ್ಟು ಬಂದದ್ದನ್ನು ಮಡಿಸಿಟ್ಟು, ಕಚೇರಿ ಸೀರೆ ಉಟ್ಟುಕೊಂಡು ಮೀನಿನ ತಟ್ಟೆಯ ಮುಂದೆ ಕೂರುತ್ತಿದ್ದರು. ಸಂಜೆ ಮತ್ತೆ ಅದಲುಬದಲು. ಮಗಳು ಸರ್ಕಾರಿ ಕೆಲಸದಲ್ಲಿದ್ದಾಳೆ ಎನ್ನುವುದು ಮನೆಯಲ್ಲಿದ್ದ ತಾಯಿಗೆ ಗೊತ್ತಿರಬೇಕು, ಏನು ಕೆಲಸ ಎನ್ನುವುದು ಅವರ ಮೂಗಿಗೆ ಗೊತ್ತಾಗಬಾರದು, ಇದು ಏರ್ಪಾಡು. ಆ ತಾಯಿಗೆ ಎಲ್ಲವೂ ಗೊತ್ತಿತ್ತು ಎಂದು ನನ್ನ ಅನುಮಾನ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರುವುದು ಆ ಕಡೆಯ ಮನೆಗಳಲ್ಲಿ ಹೊಸದಲ್ಲ. ನಮ್ಮ ಕಡೆಯೂ ಅಷ್ಟೇ ಅನ್ನಿ.

ಮೇಡಂ ಹೋಗಿ ಈಗ ಐದು ತಿಂಗಳಾಯಿತು. ಅವರ ತಂಗಿಯ ಮಗಳು ಫೋನ್ ಮಾಡಿ "ದೊಡ್ಡಮ್ಮ ಹೋಗ್ಬಿಟ್ರು ಅಂಕಲ್" ಎಂದಾಗ ನಾನು ಅಕ್ಕಿಪೇಟೆಯಲ್ಲಿ ಅಕ್ಕಿ ಚೀಲವನ್ನು ಆಟೋಗೆ ಹಾಕಿಸುತ್ತಿದ್ದೆ. "ಹೌದಾ, ಯಾವಾಗ?" ಎಂದೆ. ಆಮೇಲೆ ಆಟೋದವನಿಗೆ ದಾರಿ ಹೇಳಿದೆ. ಮನೆಗೆ ಬಂದು ಚೀಲ ಇಳಿಸಿ, ಬಟ್ಟೆ ಬದಲಾಯಿಸಿ, ಹೋಗಿ ನೋಡಿಕೊಂಡು ಬಂದೆ. ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿದ ಮೇಲೆ ದವಡೆ ಹೇಗಿರುತ್ತದೋ ಹಾಗಿದ್ದೇನೆ. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ಅಷ್ಟೇ.

ನಮ್ಮ ವಿಭಾಗ ಇದ್ದದ್ದು ಚಾಮರಾಜಪೇಟೆಯ ಒಂದು ಹಳೆಯ ಬಾಡಿಗೆ ಬಂಗಲೆಯಲ್ಲಿ. ಸಮುದ್ರದಲ್ಲಿ ಯಾವ ಯಾವ ಜಾತಿಯ ಮೀನು ಸಿಗುತ್ತಿದೆ, ಯಾವುದು ಕಡಿಮೆಯಾಗುತ್ತಿದೆ ಎಂದು ನೋಡುವುದು ನಮ್ಮ ಕೆಲಸ. ಸಮುದ್ರ ಮಾತ್ರ ಒಂದು ರಾತ್ರಿ ಬಸ್ಸಿನಷ್ಟು ದೂರ. ಅಲ್ಲಿ ಬಂದರಿನ ದಕ್ಕೆಯಲ್ಲಿ ನಮ್ಮವನೊಬ್ಬ ಇದ್ದ. ಬೋಟಿನಿಂದ ಇಳಿದ ರಾಶಿಗೆ ಕೈ ಹಾಕಿ, ಸಿಕ್ಕ ಮೀನನ್ನು ಫಾರ್ಮಲಿನ್ ತುಂಬಿದ ಡಬ್ಬಿಗೆ ಹಾಕಿ ಬಸ್ಸಿಗೆ ಕೊಡುತ್ತಿದ್ದ. ಬೆಳಿಗ್ಗೆ ಮೆಜೆಸ್ಟಿಕ್ಕಿಗೆ ಹೋಗಿ ನಾನು ಡಬ್ಬಿ ಬಿಡಿಸಿಕೊಂಡು ಬರುತ್ತಿದ್ದೆ. ನಾನಾಗ ಲ್ಯಾಬ್ ಅಟೆಂಡರ್. ಕಂಡಕ್ಟರು ಪ್ರತಿ ಸಲ ಕೇಳುತ್ತಿದ್ದ, "ಏನ್ ಗುರು, ಹೆಣಾನಾ?" ಒಂಥರಾ ಹೌದು ಎನ್ನುತ್ತಿದ್ದೆ.

ಮೇಡಂ ಆ ಡಬ್ಬಿ ತೆರೆದು ಮೀನನ್ನು ಒಂದೊಂದಾಗಿ ಪಿಂಗಾಣಿ ತಟ್ಟೆಗೆ ತೆಗೆದು, ಅಳೆದು, ಹುರುಪೆ ಎಣಿಸಿ, ಜಾತಿ ಗುರುತಿಸಿ ಬಾಟಲಿಗೆ ಹಾಕುತ್ತಿದ್ದರು. ಬಾಟಲಿಯೊಳಗೆ ಒಂದು ಚೀಟಿ. ಮಾಮೂಲಿ ಕಾಗದ ಫಾರ್ಮಲಿನ್ನಿನಲ್ಲಿ ಕರಗುತ್ತದೆ, ಅದಕ್ಕೆ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳಲ್ಲಿ ಉಳಿದ ದಪ್ಪ ಕಾರ್ಡುಗಳನ್ನು ನನ್ನ ಕೈಲಿ ತರಿಸಿ, ಕತ್ತರಿಸಿ, ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಿದ್ದರು. ಹಾಗಾಗಿ ನಮ್ಮ ಬಂಗುಡೆಗಳ ಪಕ್ಕದಲ್ಲಿ ಅರ್ಧ ಗಣಪತಿ, ಕಾಲು ಮಂಗಳವಾದ್ಯ ಇರುತ್ತಿತ್ತು. ಬೂತಾಯಿಯ ಬಾಟಲಿಯೊಂದರಲ್ಲಿ "ತಾವು ಸಕುಟುಂಬ" ಎಂದಷ್ಟೇ ಉಳಿದಿತ್ತು. ಮೇಡಂ ಅದನ್ನು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದರು. ಅವರು ನಗುತ್ತಿದ್ದದ್ದೇ ಅಪರೂಪ.

ಅವರು ಆಡುತ್ತಿದ್ದ ಮಾತುಗಳಲ್ಲಿ ಹೆಚ್ಚಿನದು "ತಿರುಗಿಸಿ ನೋಡಿ" ಎನ್ನುವುದು. ಒಂದು ಮಗ್ಗುಲು ನೋಡಿ ಮೀನಿನ ಹೆಸರು ಹೇಳಿದರೆ ಅವರಿಗೆ ಆಗುತ್ತಿರಲಿಲ್ಲ. ಗಾಂಧಿಬಜಾರಿನಲ್ಲಿ ಬದನೆಕಾಯಿಯನ್ನೂ ಹೀಗೇ ಒಂದೊಂದಾಗಿ ತಿರುಗಿಸುತ್ತಿದ್ದರು. ತರಕಾರಿಯವಳು ನನ್ನೆದುರೇ ಒಮ್ಮೆ ಬೈದಳು: "ಏನಮ್ಮಾ ನೀವು, ಹೆಣ್ ನೋಡಕ್ ಬಂದೋರಂಗೆ ಮಾಡ್ತೀರಾ, ಬದನೆಕಾಯಿ ತಾನೇ?" ಮೇಡಂ ಬೇಸರಿಸಲಿಲ್ಲ. "ಹುಳ ಇರೋದು ಆ ಕಡೆ ಮಗ್ಗುಲಲ್ಲೇ ಕಣಮ್ಮಾ" ಎಂದರು.

ಮೀನನ್ನು ಅವರು ತಿಂದವರಲ್ಲ. ಆದರೆ ನಮ್ಮ ರಿಜಿಸ್ಟರಿನಲ್ಲಿ ರುಚಿ ಎಂದು ಒಂದು ಕಾಲಂ ಇತ್ತು, ಅದನ್ನು ಖಾಲಿ ಬಿಡುವುದು ಅವರಿಗೆ ಸರಿಬರುತ್ತಿರಲಿಲ್ಲ. ಮಾಗಡಿ ಕಡೆಯ ಹಳ್ಳಿಯಿಂದ ಬಂದ ನನ್ನನ್ನು ಕೂರಿಸಿಕೊಂಡು ಕೇಳುತ್ತಿದ್ದರು.

"ಬೂತಾಯಿ ಹೇಗಿರುತ್ತಯ್ಯಾ?"

"ಎಣ್ಣೆ ಜಾಸ್ತಿ ಮೇಡಂ. ಮುಳ್ಳೂ ಜಾಸ್ತಿ. ಮುದ್ದೆಗೆ ಚೆನ್ನಾಗಿರುತ್ತೆ."

"ಎಣ್ಣೆ ಜಾಸ್ತಿ. ಮುಳ್ಳು ಜಾಸ್ತಿ. ಮುದ್ದೆಗೆ ಸರಿ" ಎಂದು ಬರೆದುಕೊಂಡು, ಕೆಳಗೆ "ಹೇಳಿದವರು" ಎಂದು ನನ್ನ ಹೆಸರು ಹಾಕಿದರು. ಅಟೆಂಡರನ ಹೆಸರನ್ನು ಯಾರು ಹಾಕುತ್ತಾರೆ? ಮಧ್ಯಾಹ್ನ ವರಾಂಡದಲ್ಲಿ ಮೊಸರನ್ನ ಮುಗಿಸಿ, ಉಳಿದ ಅರ್ಧ ಗಂಟೆ ನನಗೆ ಪಾಠ ಮಾಡಿದವರೂ ಅವರೇ. ಇಲಾಖಾ ಪರೀಕ್ಷೆಗೆ ಕಟ್ಟಿಸಿದರು. ಎರಡು ಸಲ ಡುಮ್ಕಿ ಹೊಡೆದೆ, ಮೂರನೇ ಸಲಕ್ಕೆ ಪಾಸಾಗಿ ಸಹಾಯಕನಾದೆ. ಆದೇಶ ಬಂದ ದಿನ "ಬನ್ನಿ, ಕೂತ್ಕೊಳ್ಳಿ" ಎಂದರು. ಅಲ್ಲಿಯವರೆಗೆ ನನಗೆ ಅಲ್ಲಿ ಕುರ್ಚಿ ಇರಲಿಲ್ಲ. ನನ್ನ ಮಕ್ಕಳು ಓದಿದ್ದು, ನಾವು ಮನೆ ಮಾಡಿಕೊಂಡದ್ದು ಎಲ್ಲ ಆ ಕುರ್ಚಿಯಿಂದ.

ಇಷ್ಟು ಹೇಳಿದ ಮೇಲೆ ರಾಣಿಮೀನಿನ ವಿಷಯ ಹೇಳಬೇಕು.

ರಾಣಿಮೀನು ಎಂದರೆ ಗುಲಾಬಿ ಬಣ್ಣದ, ಗೇಣುದ್ದದ ಮೀನು. ಬಾಲದ ಮೇಲ್ತುದಿಯಲ್ಲಿ ಸಣ್ಣ ದಾರದಂಥ ಒಂದು ಎಳೆ ಇರುತ್ತದೆ. ಇದರದೇ ಬಳಗದ, ಎಳೆಯಿಲ್ಲದ ಇನ್ನೊಂದು ಜಾತಿಯೂ ಪುಸ್ತಕಗಳಲ್ಲಿದೆ. ನಮ್ಮ ಡಬ್ಬಿಗಳಲ್ಲಿ ಎಳೆ ಇದ್ದವೂ ಬರುತ್ತಿದ್ದವು, ಇಲ್ಲದವೂ ಬರುತ್ತಿದ್ದವು. ಮೇಡಂ ಅವನ್ನು ಎರಡು ಜಾತಿಯಾಗಿ ಬೇರೆ ಮಾಡಿ ಎರಡು ಬಾಟಲಿಗೆ ಹಾಕಿದರು. ವರ್ಷ ಕಳೆದಂತೆ ಎಳೆ ಇದ್ದವು ಕಡಿಮೆಯಾದವು, ಇಲ್ಲದವು ಹೆಚ್ಚಾದವು. ಒಂದು ಜಾತಿ ಅಳಿಯುತ್ತಿದೆ, ಅದರ ಜಾಗಕ್ಕೆ ಇನ್ನೊಂದು ಬರುತ್ತಿದೆ ಎಂದು ಅವರು ವರದಿ ಬರೆದರು. ಅವರ ಇಡೀ ಸರ್ವೀಸಿನಲ್ಲಿ ಮೇಲಿನವರು ಕರೆದು ಮಾತಾಡಿಸಿದ್ದು ಆ ವರದಿಗೆ ಮಾತ್ರ.

ವರದಿ ಹೊರಬಿದ್ದ ವರ್ಷವೇ ಒಂದು ಭಾನುವಾರ ನನ್ನ ಹೆಂಡತಿ ಜಯ ಹಿತ್ತಲ ನಲ್ಲಿಯಲ್ಲಿ ಮೀನು ತೊಳೆಯುತ್ತಿದ್ದಳು. ರಾಣಿಮೀನೇ. ಒಂದಕ್ಕೆ ಎಳೆ ಇತ್ತು, ಮಿಕ್ಕವಕ್ಕೆ ಇರಲಿಲ್ಲ. ಆದರೆ ಕಿವಿರಿನ ಹಿಂದೆ ಎಲ್ಲದಕ್ಕೂ ಒಂದೇ ಥರದ ಕೆಂಪು ಬೆರೆತ ಹಳದಿ ಮಚ್ಚೆ, ಮೈಮೇಲೆ ಒಂದೇ ಥರದ ಹಳದಿ ಗೆರೆ. ಎಳೆಯಿಲ್ಲದ ಬಾಲಗಳ ತುದಿ ಹರಿದು ಜೂಲಾಗಿತ್ತು.

"ಇದೇನೇ, ಇದಕ್ ಮಾತ್ರ ದಾರ?" ಎಂದು ಕೇಳಿದೆ.

"ಎಲ್ಲಾದಕ್ಕೂ ಇರುತ್ತೇರಿ. ಬಲೇಲಿ ಎಳ್ಕೊಂಡ್ ಬರೋವಾಗ ಕಿತ್ತೋಗುತ್ತಂತೆ. ಅಂಗಡಿಯಮ್ಮ ಹೇಳ್ತಿದ್ಲು."

"ನಮ್ಮ ಆಫೀಸಲ್ಲಿ ಇವು ಎರಡು ಜಾತಿ ಕಣೇ."

ಜಯ ಬಿದ್ದು ಬಿದ್ದು ನಕ್ಕಳು. "ನಿಮ್ಮ ಮೇಡಂಗೆ ಹೇಳ್ರಿ. ಬೇಕಾದ್ರೆ ಎರಡ್ ಜಾತೀದೂ ಸಾರು ಮಾಡಿ ಕಳಿಸ್ತೀನಿ."

ಫಾರ್ಮಲಿನ್ನಿನಲ್ಲಿ ಬಿದ್ದ ಮೀನಿಗೆ ಬಣ್ಣ ಉಳಿಯುವುದಿಲ್ಲ. ಗುಲಾಬಿ, ಹಳದಿ ಎಲ್ಲ ಹೋಗಿ ಹಳೆಯ ಗೋಣಿಚೀಲದ ಬಣ್ಣಕ್ಕೆ ಬರುತ್ತದೆ. ಮಚ್ಚೆಯೂ ಹೋಗುತ್ತದೆ. ಮೇಡಂ ಸರ್ವೀಸಿನ ಶುರುವಿನಲ್ಲಿ ಎರಡು ಮೂರು ಸಲ ಕರಾವಳಿಗೆ ಹೋಗಿಬಂದವರು, ಆಮೇಲೆ ತಾಯಿ ಹಾಸಿಗೆ ಹಿಡಿದ ಮೇಲೆ ಒಂದು ರಾತ್ರಿಯೂ ಊರು ಬಿಟ್ಟಿರಲಿಲ್ಲ. ಮದುವೆಯನ್ನೂ ಮಾಡಿಕೊಳ್ಳಲಿಲ್ಲ. ಆ ಎರಡು ಮೂರು ಸಲವೂ ಕಣ್ಣಿಗೆ ಬೀಳದ ರಾಣಿಮೀನನ್ನು ಅವರು ನೋಡಿದ್ದೇ ಬಾಟಲಿಯಲ್ಲಿ. ತಿನ್ನುವ ಮನೆಯವರಾಗಿದ್ದರೆ ಅಂಗಡಿಯಲ್ಲಾದರೂ ನೋಡುತ್ತಿದ್ದರು. ದಕ್ಕೆಯವನು ತುಂಬಿ ಕಳಿಸುವವನೇ ಹೊರತು ಕೇಳುವವನಲ್ಲ. ವರದಿ ಇಂಗ್ಲಿಷಿನಲ್ಲಿತ್ತು, ಬೋಟಿನವರು ಓದುವ ಮಾತೇ ಇಲ್ಲ. ಅಳಿಯುತ್ತಿದ್ದದ್ದು ಜಾತಿಯಲ್ಲ, ಬಾಲ. ಬೋಟುಗಳು ದೂರ ಹೋಗಿ ಬಲೆಯನ್ನು ಹೆಚ್ಚು ಹೊತ್ತು ಎಳೆಯತೊಡಗಿದ್ದವು, ಅದಕ್ಕೆ ಹೆಚ್ಚು ಬಾಲ ಹರಿಯುತ್ತಿದ್ದವು. ಇದು ನಮ್ಮ ಕಚೇರಿಯಲ್ಲಿ ಒಬ್ಬನಿಗೆ ಗೊತ್ತಿತ್ತು. ನನಗೆ.

ಸೋಮವಾರ ಹೇಳಿಯೇಬಿಡುತ್ತೇನೆಂದು ಹೋದೆ. ಮೇಡಂ ವರದಿಯ ಪ್ರತಿಗಳಿಗೆ ತಾವೇ ರಟ್ಟು ಹಾಕುತ್ತಿದ್ದರು. "ಏನ್ರೀ?" ಎಂದರು. "ಏನಿಲ್ಲ ಮೇಡಂ, ಕಾಫಿ ತರ್ಲಾ?" ಎಂದೆ.

ಮೊದಲ ವರ್ಷ ಹೇಳದೇ ಇದ್ದದ್ದು ಹೆದರಿಕೆಯಿಂದ. ಎರಡನೇ ವರ್ಷ ಹೇಳದೇ ಇದ್ದದ್ದು, ಮೊದಲನೇ ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆಂದು. ಇಷ್ಟೇ ಆಗಿದ್ದರೆ ಹೇಗೋ ಒಪ್ಪಿಕೊಳ್ಳಬಹುದಿತ್ತು. ಒಳಗೊಳಗೇ ನನಗೆ ಖುಷಿಯೂ ಆಗಿತ್ತು, ಅದನ್ನೂ ಹೇಳುತ್ತೇನೆ. ಇಷ್ಟು ಓದಿದವರಿಗೆ ಗೊತ್ತಿಲ್ಲದ್ದು ನನ್ನ ಹೆಂಡತಿಗೆ ಗೊತ್ತು, ಹಿತ್ತಲ ನಲ್ಲಿಯ ಕೆಳಗೆ ಗೊತ್ತು ಎನ್ನುವ ಖುಷಿ. ನನ್ನನ್ನು ಕುರ್ಚಿಯಲ್ಲಿ ಕೂರಿಸಿದವರ ಬಗ್ಗೆ ಯಾಕೆ ಹಾಗನ್ನಿಸಿತು ಎಂದು ನನಗೆ ಗೊತ್ತಿಲ್ಲ. ಅವರು ಪ್ರತಿ ವರ್ಷ ಎರಡು ಜಾತಿಯ ಪಟ್ಟಿ ಬರೆದರು, ನಾನು ಪ್ರತಿ ವರ್ಷ ಟೈಪ್ ಮಾಡಿಕೊಟ್ಟೆ. ಅವರು ನಿವೃತ್ತರಾಗುವವರೆಗೂ ಹೀಗೇ ನಡೆಯಿತು. ಬೀಳ್ಕೊಡುಗೆಯ ದಿನ ನಾನೇ ಮೈಕ್ ಹಿಡಿದು, ಮೇಡಂ ಕೈಯಿಂದ ಒಂದು ತಪ್ಪೂ ಆದದ್ದು ನೋಡಿಲ್ಲ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಿವೃತ್ತಿಯಾದ ಮೇಲೆ, ತಾಯಿಯೂ ಹೋಗಿದ್ದರಿಂದ, ಮೇಡಂ ಮನೆಯಲ್ಲೇ ಹಳೆಯ ಕೆಲಸ ಮುಂದುವರಿಸಿದರು. ಸರ್ವೀಸಿನುದ್ದಕ್ಕೂ ಪೆನ್ಸಿಲ್ಲಿನಲ್ಲಿ ಬರೆದ ಮೀನಿನ ಚಿತ್ರಗಳು ಒಂದು ಟ್ರಂಕು ತುಂಬ ಇದ್ದವು. ನಾನೂ ನಿವೃತ್ತನಾದ ಮೇಲೆ ತಿಂಗಳಿಗೊಮ್ಮೆ ಹೋಗಿ ಕಾಫಿ ಕುಡಿದು ಬರುತ್ತಿದ್ದೆ. ಹೋದ ವರ್ಷ ಒಂದು ದಿನ ಹೇಳಿದರು: "ಎಲ್ಲಾದಕ್ಕೂ ಬಣ್ಣ ಹಾಕಿ ಮುಗಿಸ್ಬಿಡೋಣ ಅಂತಿದೀನಿ ಕಣ್ರೀ. ಆದ್ರೆ ಪುಸ್ತಕದ ಬಣ್ಣ ನಂಬೋಕಾಗಲ್ಲ. ಒಂದ್ಸಲ ಹಸಿ ಮೀನು ನೋಡ್ಬೇಕು. ನೀವು ತಗೊಳ್ಳೋ ಅಂಗಡಿಗೆ ಕರ್ಕೊಂಡ್ ಹೋಗ್ತೀರಾ?"

ಮಂಡಿ ನೋವು, ಮೆಟ್ಟಿಲು, ಗಲೀಜು ಎಂದೆಲ್ಲ ಹೇಳಿ ನೋಡಿದೆ. ಅವರು ಕೇಳಲಿಲ್ಲ. ಇವತ್ತು ರಾಣಿಮೀನು ಬಂದಿರದೇ ಇರಲಿ ಎಂದು ಆಟೋದಲ್ಲಿ ಕೂತು ಅಂದುಕೊಂಡೆ.

ಚಾಮರಾಜಪೇಟೆಯಿಂದ ಮಾರ್ಕೆಟ್ ಕಡೆ ತಿರುಗುವಲ್ಲಿ ಆ ಅಂಗಡಿ. ಐಸಿನ ಮೇಲೆ ಬಂಗುಡೆ, ಕಾಣೆ, ಅಂಜಲ್, ಎದುರಿಗೇ ಒಂದು ಬುಟ್ಟಿ ರಾಣಿಮೀನು. ಮೇಡಂ ಬ್ಯಾಗಿನಿಂದ ಭೂತಗನ್ನಡಿ ತೆಗೆದರು. ಹೆಸರು ಹೇಳುತ್ತಾ ಬಂದರು, ಒಂದೂ ತಪ್ಪಲಿಲ್ಲ. ರಾಣಿಮೀನಿನ ಮುಂದೆ ನಿಂತರು. ಬಣ್ಣ ನೋಡಿ "ಅಯ್ಯೋ, ಎಷ್ಟ್ ಚೆನ್ನಾಗಿದೆ" ಎಂದರು. ಆಮೇಲೆ ಎಳೆಯಿದ್ದದ್ದು ಒಂದು, ಇಲ್ಲದ್ದು ಒಂದು ಎತ್ತಿಕೊಂಡು ಪಕ್ಕಪಕ್ಕ ಇಟ್ಟರು. ತಿರುಗಿಸಿದರು. ಮತ್ತೆ ತಿರುಗಿಸಿದರು. ಬುಟ್ಟಿಯಿಂದ ಇನ್ನಷ್ಟು ತೆಗೆದರು.

"ಏನಮ್ಮಾ, ಎಲ್ಲಾ ಫ್ರೆಶ್ಶೇ" ಎಂದಳು ಅಂಗಡಿಯಾಕೆ.

"ಇವೆರಡೂ ಬೇರೆ ಬೇರೆನಾಮ್ಮಾ?"

"ಎಲ್ಲಾ ಒಂದೇ. ಇದ್ರುದ್ದು ಬಾಲ ಕಿತ್ತೋಗಿದೆ, ಅಷ್ಟೇಯ. ಬಾಲ ನೋಡಿ ಯಾರಾದ್ರೂ ಮೀನ್ ತಗೊಂತಾರಾ?"

ಮೇಡಂ ಮೀನುಗಳನ್ನು ಒಂದೊಂದಾಗಿ ಬುಟ್ಟಿಗೆ ವಾಪಸ್ ಹಾಕಿದರು. ಐಸಿನ ನೀರು ಅವರ ಸೀರೆಯ ಅಂಚಿಗೆ ತೊಟ್ಟಿಕ್ಕುತ್ತಿತ್ತು, ಅದು ಮನೆಯ ಸೀರೆ. ಎರಡು ಮೀನು ಕೊಂಡರು. ತಮ್ಮ ಮನೆಗೆ ಒಯ್ಯುವಂತಿಲ್ಲ, ಅಡುಗೆಗೆ ಬರುವಾಕೆ ಕೆಲಸ ಬಿಟ್ಟು ಹೋಗುತ್ತಾಳೆ. "ನಿಮ್ಮನೇಲಿ ಕೂತು ಬಣ್ಣ ಹಾಕ್ಲಾ?" ಎಂದು ಕೇಳಿದರು. ಇಷ್ಟು ವರ್ಷಗಳಲ್ಲಿ ಅವರು ನಮ್ಮ ಮನೆಗೆ ಬಂದವರಲ್ಲ.

ಆಟೋದಲ್ಲಿ ನನ್ನ ಮುಖ ನೋಡದೆ ಕೇಳಿದರು: "ನಿಮಗೆ ಗೊತ್ತಿತ್ತಾ?"

"ಇಲ್ಲ ಮೇಡಂ" ಎಂದೆ.

"ಹೌದು, ನಿಮಗೆ ಹೇಗ್ ಗೊತ್ತಾಗ್ಬೇಕು. ಬಾಟ್ಲಿ ತುಂಬಿ ಕೊಟ್ಟೋಳು ನಾನು."

ನಮ್ಮ ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ಸ್ಟೂಲಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಎರಡು ಮೀನು, ತೊಡೆಯ ಮೇಲೆ ಬ್ಯಾಗಿನಲ್ಲಿ ತಂದಿದ್ದ ಚಿತ್ರದ ರಟ್ಟು. ಜಯಳಿಗೆ ಸಂಭ್ರಮವೋ ಸಂಭ್ರಮ. ಲೋಟವನ್ನು ಮೂರು ಸಲ ತೊಳೆದು ಕಾಫಿ ತಂದಳು. ಮೇಡಂ ಕುಡಿದರು. ಜಯ ಪಕ್ಕದಲ್ಲಿ ನೆಲದ ಮೇಲೆ ಕೂತು ಚಿತ್ರ ನೋಡುತ್ತಾ, ಯಾವ ದುರುದ್ದೇಶವೂ ಇಲ್ಲದೆ ಹೇಳಿದಳು: "ಇವ್ರು ಆವಾಗ್ಲೇ ಹೇಳ್ತಿದ್ರು ಮೇಡಂ, ಆಫೀಸಲ್ಲಿ ಇದನ್ನ ಎರಡ್ ಜಾತಿ ಮಾಡಿದಾರೆ ಅಂತ. ನಾವಿಬ್ರೂ ಎಷ್ಟ್ ನಕ್ಕಿದ್ವಿ ಗೊತ್ತಾ? ನಮ್ಮ ದೊಡ್ಡೋನು ಇನ್ನೂ ಹೈಸ್ಕೂಲು ಆಗ."

ದೊಡ್ಡವನಿಗೆ ಈಗ ಇಬ್ಬರು ಮಕ್ಕಳು. ನಾನು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಹೋಗಲಿಲ್ಲ, ಹೊರಗೂ ಬರಲಿಲ್ಲ. ಮೇಡಂ ತಲೆ ಎತ್ತಲಿಲ್ಲ. ಕುಂಚವನ್ನು ಬಟ್ಟೆಗೆ ಒರೆಸಿ, "ಸ್ವಲ್ಪ ನೀರು ಕೊಡಮ್ಮಾ, ಬಣ್ಣಕ್ಕೆ" ಎಂದರು. ಜಯ ನೀರು ತಂದುಕೊಟ್ಟಳು. ಮಚ್ಚೆಗೆ ಹಳದಿ ಹಾಕಿ, ಅದರ ಮೇಲೆ ಒಂದಿಷ್ಟು ಕೆಂಪು ತಂದು, ಒಣಗುವವರೆಗೂ ಕಾದು, ಕುಂಕುಮ ಇಡಿಸಿಕೊಂಡು ಹೊರಟರು. ಆಟೋ ಹತ್ತಿಸುವಾಗ ನಾನೇನೋ ಹೇಳಬೇಕೆಂದು ಬಾಯಿ ತೆರೆದೆ. "ನೀವ್ ಬರ್ಬೇಡಿ, ಬಿಸಿಲು" ಎಂದರು.

ಆಮೇಲೂ ಎರಡು ಮೂರು ಸಲ ಅವರ ಮನೆಗೆ ಹೋದೆ. ಕಾಫಿ ಕೊಟ್ಟರು. ಮಾತು ಮೊದಲಿನ ಹಾಗೇ ಇತ್ತು. ಅದೇ ನನಗೆ ಕಷ್ಟವಾಗಿ, ಹೋಗುವುದನ್ನು ನಿಲ್ಲಿಸಿದೆ. ಆಮೇಲೆ ಅಕ್ಕಿಪೇಟೆಯಲ್ಲಿದ್ದಾಗ ಫೋನ್ ಬಂತು.

ಹದಿಮೂರನೆಯ ದಿನ ಊಟ ಮುಗಿಸಿ ಹೊರಟಾಗ ತಂಗಿಯ ಮಗಳು ಒಂದು ಕವರು ಕೊಟ್ಟಳು. "ದೊಡ್ಡಮ್ಮ ನಿಮಗೇ ಕೊಡ್ಬೇಕು ಅಂತ ಬರೆದಿಟ್ಟಿದ್ರು ಅಂಕಲ್." ಒಳಗೆ ಆ ಬಣ್ಣದ ಚಿತ್ರ, ಜೊತೆಗೆ ಎರಡು ಪುಟದ ತಿದ್ದುಪಡಿ. ಇಲಾಖೆಯ ಕನ್ನಡ ಪತ್ರಿಕೆಗೆ ಕೊಡಿ, ಬೋಟಿನವರು ಓದುವ ಹಾಗಿರಲಿ ಎಂದು ಮೇಲೆ ಬರೆದಿದ್ದರು. ಎರಡು ಜಾತಿ ಎಂದು ತಾವು ಬರೆದದ್ದೆಲ್ಲ ತಪ್ಪು, ಹಸಿ ಮೀನನ್ನು ನೋಡದೇ ಇದ್ದದ್ದು ತಮ್ಮ ಸೋಮಾರಿತನ, ಆ ವರದಿಗಳನ್ನು ಯಾರೂ ನಂಬಬಾರದು ಎಂದು ಸುತ್ತುಬಳಸಿಲ್ಲದೆ ಒಪ್ಪಿಕೊಂಡಿದ್ದರು. ಕೊನೆಯಲ್ಲಿ ನನ್ನ ಹೆಸರು ಬರೆದು ಹೀಗೆ ಸೇರಿಸಿದ್ದರು: "ನನ್ನ ಸಹಾಯಕರು ನಾನು ಗುರುತಿಸಿ ಕೊಟ್ಟದ್ದನ್ನಷ್ಟೇ ದಾಖಲಿಸಿದವರು. ಈ ತಪ್ಪು ಅವರಿಗೆ ತಿಳಿಯಲು ಅವಕಾಶವೇ ಇರಲಿಲ್ಲ."

ಬಸವನಗುಡಿಯಿಂದ ಮನೆಗೆ ನಡೆದುಕೊಂಡೇ ಬಂದೆ. ಆ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ "ನನಗೆ ತಿಳಿದಿತ್ತು. ಹೇಳಲಿಲ್ಲ" ಎಂದು ಬರೆದು ಸಹಿ ಮಾಡಿದೆ. ಹಗುರವಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಮಾರನೆಯ ದಿನ ಕಚೇರಿಗೆ ಹೋಗಿ ಕೊಟ್ಟು ಬಂದೆ.

ವಾರ ಕಳೆದು ಅಲ್ಲಿಯ ಹೊಸ ಅಧಿಕಾರಿ ಫೋನ್ ಮಾಡಿದರು. ಒಳ್ಳೆಯ ಹುಡುಗಿ, ನಿಧಾನವಾಗಿ ಮಾತಾಡುತ್ತಾರೆ.

"ಸರ್, ಮೇಡಂ ಬರೆದಿದ್ದನ್ನ ನೀವು ಒಂದ್ಕಡೆ ಹೊಡೆದಾಕಿದೀರ. ತೀರ್ಕೊಂಡೋರ ಬರಹ ನಾವು ತಿದ್ದೋ ಹಾಗಿಲ್ಲ ಸರ್. ಅವರು ಬರೆದಂಗೇ ಹಾಕ್ತೀವಿ. ನಿಮ್ಮದು ಏನಾದ್ರೂ ಇದ್ರೆ ಬೇರೆ ಲೆಟರ್ ಕೊಡಿ, ಮುಂದಿನ ಸಂಚಿಕೇಲಿ ನೋಡೋಣ. ಪರ್ವಾಗಿಲ್ವಾ?"

"ಪರ್ವಾಗಿಲ್ಲ, ಹಾಕಿ" ಎಂದೆ.

ಬೇರೆ ಪತ್ರ ನಾನು ಕೊಡಲಿಲ್ಲ. ಹೋದ ವಾರ ಪತ್ರಿಕೆ ಬಂತು. ಮೇಡಂ ಬರೆದದ್ದು ಬರೆದ ಹಾಗೇ ಇತ್ತು, ನನ್ನ ಹೆಸರೂ ಇತ್ತು. ಜಯ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು.

"ಅವತ್ತು ನಾನ್ ಹೇಳಿದ್ದು ಅವ್ರಿಗೆ ಕೇಳಿಸ್ಲಿಲ್ಲ ಅನ್ಸುತ್ತೆ, ಅಲ್ವೇನ್ರಿ?" ಎಂದಳು.

"ಕೇಳಿಸಿರ್ಲಿಕ್ಕಿಲ್ಲ" ಎಂದೆ.